ಮೂರನೆಯ ಬಟ್ಟೆ

ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸ್. ರಕ್ತ ಹೀರಲೆಂದು ರೋಗಿಯ ಹೊಟ್ಟೆಯೊಳಗೆ ಎಷ್ಟು ಬಟ್ಟೆ ಹೋಯಿತು, ಹೊಲಿಗೆ ಹಾಕುವ ಮುಂಚೆ ಎಷ್ಟು ಹೊರಗೆ ಬಂತು ಎಂದು ಎಣಿಸುವುದು ನನ್ನ ಕೆಲಸ. ಲೆಕ್ಕ ತಪ್ಪಿದರೆ ಎಂಥ ದೊಡ್ಡ ಡಾಕ್ಟರಿಗಾದರೂ ‘ನಿಲ್ಲಿಸಿ’ ಎನ್ನಬಹುದು. ಹದಿನಾಲ್ಕು ವರ್ಷಗಳಲ್ಲಿ ಯಾರ ಮುಲಾಜನ್ನೂ ನೋಡಿದವನಲ್ಲ. ಎಣಿಸುವ ಚಟ ಮನೆಗೂ ಬಂದಿದೆ. ಒಣಹಾಕಿದ ಕಾಲುಚೀಲವನ್ನೂ ಬಿಡುವುದಿಲ್ಲವೆಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಅವಳ ಅಪ್ಪ, ನನ್ನ ಮಾವ, ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಈಗ ನಮ್ಮ ಜೊತೆಗಿದ್ದಾರೆ. ಮನೆಯ ಪಕ್ಕದ ಶೆಡ್ಡಿನಲ್ಲಿ ಅವರ ಸಾಮಾನು, ಅದರ ಬೀಗದ ಕೈ ಸದಾ ಅವರ ಅಂಗಿಯ ಜೇಬಿನಲ್ಲಿ. ಈಚೆಗೆ ಮರೆವು ಶುರುವಾಗಿದೆ. ಹೋದ ತಿಂಗಳು ಕಾರಿನ ಚಕ್ರ ಬದಲಿಸಿ ನಟ್ಟುಗಳನ್ನು ಬಿಗಿ ಮಾಡದೆ ಬಿಟ್ಟಿದ್ದರು. ಹೆಂಡತಿ ಅದೇ ಕಾರಿನಲ್ಲಿ ಗೇಟಿನವರೆಗೆ ಹೋದ ಮೇಲೆ, ಚಕ್ರ ಅಲುಗಾಡಿದಾಗಲೇ ಗೊತ್ತಾದದ್ದು.

"ಅಪ್ಪ ಇವತ್ತು ಕಾರಿಗೆ ಹೊಸ ಏರ್ ಫಿಲ್ಟರ್ ಹಾಕ್ತಾರಂತೆ. ಪಕ್ಕದಲ್ಲೇ ನಿಂತು ನೋಡ್ತಾ ಇರಿ," ಎಂದಳು ಶನಿವಾರ ಬೆಳಿಗ್ಗೆ. "ಇನ್ನೊಂದು ತಪ್ಪಾದ್ರೆ ಶೆಡ್ಡಿನ ಕೀ ನಾನು ಇಸ್ಕೊಳ್ತೀನಿ. ಅಪ್ಪ ಅತ್ರೂ ಸರಿ, ನಾನು ಅತ್ರೂ ಸರಿ."

ಹೀಗೆ ನಾನು ಮಾವನ ಮೇಲೆ ಕಣ್ಣಿಡುವ ಗೂಢಚಾರನಾದೆ.

ಫಿಲ್ಟರ್ ತಂದವನು ನಾನೇ. ಕಾರಿನ ಜೊತೆ ಬಂದದ್ದಲ್ಲ, ಬೇರೆ ಕಂಪನಿಯದು. ಕೆಂಪಗೆ, ಲಾಳಿಕೆಯಂತೆ ಇತ್ತು. ಇದನ್ನು ಹಾಕಿದರೆ ಇಂಜಿನ್ ಚೆನ್ನಾಗಿ ಉಸಿರಾಡುತ್ತದೆ ಎಂದು ಅಂಗಡಿಯವನು ಕಿವಿ ತುಂಬಿದ್ದ.

"ಕಾರ್ ಮಾಡಿದೋರು ಅದಕ್ಕೆ ಮೂಗು ಇಡೋದು ಮರ್ತಿದ್ರಾ, ಅಳಿಯಂದಿರೇ?" ಎಂದು ಮಾವ ನಕ್ಕರು. ಆದರೂ ಡಬ್ಬಿ ಬಿಚ್ಚುವಾಗ ಅವರ ಮುಖ ಅರಳಿತ್ತು.

ಬಾನೆಟ್ ಎತ್ತಿದರು. ಬಣ್ಣ ಗೀಚದಿರಲೆಂದು ಮಡ್‌ಗಾರ್ಡಿನ ಮೇಲೆ ಹಳೆಯ ಟವೆಲ್ ಹರಡಿದರು. ಕೈ ಒರೆಸಲು ಒಂದು ಹರಿದ ಬನಿಯನ್. ಸೆನ್ಸರಿನ ಪ್ಲಗ್ ಎಳೆದು, ಕೊಳವೆಯನ್ನು ಬಿಗಿದಿದ್ದ ಕ್ಲಾಂಪ್ ಸಡಿಲಿಸಿ, ಹಳೆಯ ಫಿಲ್ಟರಿನ ಕಪ್ಪು ಪೆಟ್ಟಿಗೆಯನ್ನು ಎತ್ತಿ ಹೊರಗಿಟ್ಟರು. ಅದರೊಳಗೆ ಒಣಗಿದ ಎಲೆ, ಸೊಳ್ಳೆಯ ರೆಕ್ಕೆ, ಮರಳು. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ ಬಾಯಿ ತೆರೆದುಕೊಂಡಿತ್ತು. ಅದಕ್ಕೆ ನೀಲಿ ಚೌಕಳಿಯ ಬಟ್ಟೆಯೊಂದನ್ನು ತುರುಕಿದರು.

"ಒಂದು ಸಣ್ಣ ಸ್ಕ್ರೂ ಒಳಗೆ ಬಿದ್ರೂ ಇಂಜಿನ್ ಕಥೆ ಮುಗೀತು," ಎಂದರು.

ಟವೆಲ್, ಬನಿಯನ್, ಚೌಕಳಿ. ನನ್ನ ತಲೆ ತಾನಾಗಿಯೇ ಮೂರು ಎಂದಿತು.

ಆಮೇಲೆ ಅವರ ಕೈ ನೋಡುವುದೇ ಒಂದು ಸುಖ. ಫಿಲ್ಟರಿಗೆ ಆಧಾರವಾಗುವ ಹೊಸ ತಗಡಿನ ಪಟ್ಟಿ ಕೂರಿಸಿ, ಎರಡು ಬೋಲ್ಟುಗಳನ್ನು ಬೆರಳಲ್ಲೇ ತಿರುಗಿಸಿ ಆಮೇಲಷ್ಟೇ ಸ್ಪ್ಯಾನರ್ ಹಿಡಿದರು. ಯಾವುದೋ ಹಳೆಯ ಗಿರಾಕಿಯ ಕಥೆ ಹೇಳುತ್ತಾ ಹೇಳುತ್ತಾ ಫಿಲ್ಟರನ್ನು ಕೊಳವೆಗೆ ಒತ್ತಿ ಕ್ಲಾಂಪ್ ಬಿಗಿದರು. ಕಥೆಗೆ ನಾನೂ ನಗುತ್ತಿದ್ದೆ. ಪ್ಲಗ್ ಸಿಕ್ಕಿಸಿ ಅವರು ಕಾರಿನೊಳಗೆ ಕೂತಾಗ ಕಣ್ಣು ಮಡ್‌ಗಾರ್ಡಿನ ಕಡೆ ಹೋಯಿತು. ಟವೆಲ್. ಅದರ ಮೇಲೆ ಬನಿಯನ್. ಎರಡೇ.

ಚೌಕಳಿ ಕೊಳವೆಯೊಳಗೇ ಉಳಿದಿತ್ತು. ಹಾಗೇ ಸ್ಟಾರ್ಟ್ ಮಾಡಿದರೆ ಇಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಅಷ್ಟರಲ್ಲಿ ಹೆಂಡತಿ ಎರಡು ಲೋಟ ಚಹಾ ಹಿಡಿದು ಬಾಗಿಲಿಗೆ ಬಂದು ನಿಂತಳು. "ಆಯ್ತಾ ಅಪ್ಪ?"

"ಆಯ್ತು ಮಗಳೇ, ಕೇಳು ಈಗ."

‘ನಿಲ್ಲಿಸಿ’ ಎನ್ನಲು ನಾಲಿಗೆ ಏಳಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ. "ಮಾವ, ಒಂದ್ನಿಮಿಷ. ನಾನೊಂದ್ಸಲ ಬಿಚ್ಚಿ ಹಾಕ್ಲಾ? ಕಲ್ತ ಹಾಗಾಗುತ್ತೆ."

ಮದುವೆಯಾದಂದಿನಿಂದ ನಾನು ಸ್ಪ್ಯಾನರ್ ಮುಟ್ಟಿದವನಲ್ಲ. ಹೆಂಡತಿ ಹುಬ್ಬೇರಿಸಿದಳು. ಮಾವನಿಗೆ ಮಾತ್ರ ಖುಷಿಯೋ ಖುಷಿ. "ಕೊನೆಗೂ ಬುದ್ಧಿ ಬಂತಾ! ಬಿಚ್ಚಿ, ಬಿಚ್ಚಿ," ಎಂದು ಕೂತಲ್ಲಿಂದಲೇ ಹೇಳಿದರು.

ಇಬ್ಬರಿಗೂ ಬೆನ್ನು ಅಡ್ಡವಾಗುವಂತೆ ಬಗ್ಗಿದೆ. ಕ್ಲಾಂಪ್ ಬಿಚ್ಚಿ, ಫಿಲ್ಟರ್ ಸರಿಸಿ, ಚೌಕಳಿ ಬಟ್ಟೆಯನ್ನೆಳೆದು ಪ್ಯಾಂಟಿನ ಜೇಬಿಗೆ ತುರುಕಿದೆ. ಮತ್ತೆ ಬಿಗಿದೆ.

ಮಾವ ಕೀ ತಿರುಗಿಸಿದರು. ಮೊದಲಿಗಿಂತ ದಪ್ಪನೆಯ ದನಿಯಲ್ಲಿ ಇಂಜಿನ್ ಎದ್ದಿತು. ಹೆಂಡತಿ ನನ್ನನ್ನು ನೋಡಿದಳು, ನಾನು ತಲೆಯಾಡಿಸಿದೆ. ಅವಳು ಚಹಾ ಕೊಟ್ಟು ಹಗುರಾಗಿ ಒಳಗೆ ಹೋದಳು. ಅವಳಿಗೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು, ಮಾವ ಗೆದ್ದದ್ದಕ್ಕೆ ಸಂತೋಷವೂ ಆಯಿತು.

ಮಾವ ಕೈ ತೊಳೆದು ಬಂದು ಬಟ್ಟೆ ಮಡಿಸತೊಡಗಿದರು. ಟವೆಲ್ ಮಡಿಸಿದರು. ಬನಿಯನ್ ಮಡಿಸಿದರು. ಆಮೇಲೆ ಖಾಲಿ ಮಡ್‌ಗಾರ್ಡನ್ನು ನೋಡುತ್ತಾ ನಿಂತರು. ಬಗ್ಗಿ ಕಾರಿನ ಕೆಳಗೂ ನೋಡಿದರು. ಚಹಾ ಆರುತ್ತಿತ್ತು.

"ಅಳಿಯಂದಿರೇ, ನಿಮ್ಮ ಆಸ್ಪತ್ರೇಲಿ ಬಟ್ಟೆ ಎಣಿಸೋರು ಯಾರು?"

"ಇಬ್ಬರು, ಮಾವ. ಒಬ್ಬರೇ ಎಣಿಸೋ ಹಾಗಿಲ್ಲ."

"ಎಂಥ ಕೈಚಳಕದೋರಿದ್ರೂ?"

"ಯಾರಿದ್ರೂ ಅಷ್ಟೇ."

ಅವರು ಕೈ ಚಾಚಿದರು. ನಾನು ಜೇಬಿನಿಂದ ತೆಗೆದುಕೊಟ್ಟೆ. ಚೌಕಳಿ ಬಟ್ಟೆಯನ್ನು ಎರಡು ಸಲ ಕೊಡವಿ, ಮಡಿಸಿ, ಉಳಿದೆರಡರ ಜೊತೆ ಶೆಡ್ಡಿನೊಳಗೆ ಇಟ್ಟು ಬಂದರು. ಶೆಡ್ಡಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದರು. ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಅವಳಿಗೆ ಏನೂ ಹೇಳ್ಬೇಡಿ," ಎಂದರು. "ನಿಮಗೆ ರಜೆ ಇದ್ದಾಗ ಇಬ್ರೂ ಸೇರಿ ಶೆಡ್ಡು ತೆಗೆಯೋಣ."