ಕಾಯಿಲೆ ಅಂಗಡಿ

ಶಿವಲಿಂಗಮ್ಮ ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ ಕೈಮುಗಿದಾಗ, ಅದನ್ನು ಎಳೆದೊಯ್ಯಲು ಬಂದಿದ್ದವನು ಚಪ್ಪಲಿ ಕಳಚಿ ಪಕ್ಕಕ್ಕೆ ನಿಂತ. ಪಾಪ, ಎಷ್ಟು ಭಯಭಕ್ತಿ ಇವನಿಗೆ ಎಂದುಕೊಂಡಳು.

ಆ ಫಿಯಟ್ ಕಾರು ಅಡ್ಯಾರಿನ ಅವರ ಅಪಾರ್ಟ್‌ಮೆಂಟಿನ ಬೇವಿನ ಮರದ ಕೆಳಗೆ ಕೆಟ್ಟು ಕೂತು ಮೂರು ಮಳೆಗಾಲ ಕಳೆದಿತ್ತು. ವರ್ಗವಾಗಿ ಈ ತಮಿಳರ ಊರಿಗೆ ಬಂದಾಗ ಗಂಡ ಹನುಮಂತಯ್ಯ ಮಂಡ್ಯದಿಂದ ತಾನೇ ಓಡಿಸಿಕೊಂಡು ತಂದದ್ದು. ಶಿವಲಿಂಗಮ್ಮ ಕೂರುವ ಕಡೆಯ ಬಾಗಿಲು ಜೋತುಬಿದ್ದಿತ್ತು. ಅವಳು ಹತ್ತಿದಾಗಲೆಲ್ಲ "ಎತ್ತಿ ಹಾಕೇ" ಎನ್ನುವುದು ಅವನ ರೂಢಿ. ಊರಿಗೆ ಊರೇ ಮಾರುತಿ ಕೊಂಡರೂ ಅವನಿಗೆ ಇದೇ ಆಗಬೇಕು. ರಿಪೇರಿ ಮಾಡಿಸುತ್ತೇನೆ ಎನ್ನುತ್ತಲೇ ದೀಪಾವಳಿಗಳು ಬಂದು ಹೋದವು. ನಾಳೆ ಎಂದವನ ಮನೆ ಹಾಳು ಅಂತ ಸುಮ್ಮನೆ ಹೇಳುತ್ತಾರೆಯೇ?

ಹೋದ ವರ್ಷ ಮಗಳು ಪಾವನಾಗೆ ಡೆಂಗಿ ಜ್ವರ ಬಂತು. ಕಾರಿನ ಡಿಕ್ಕಿಯಲ್ಲಿ ನೀರು ನಿಂತು ಸೊಳ್ಳೆಯಾಗಿದೆ ಎಂದು ಅಕ್ಕಪಕ್ಕದವರೆಲ್ಲ ಆಡಿಕೊಂಡರು. ಡಿಕ್ಕಿ ತೆರೆದೂ ನೋಡದ ಹನುಮಂತಯ್ಯ, "ಸೊಳ್ಳೆ ಚರಂಡೀದು" ಎಂದು ಸಾಧಿಸಿದ. ಮಗಳು ಬದುಕಿ ಬಂದಳು. ಗಂಡ ಹೆಂಡಿರ ನಡುವೆ ಮಾತ್ರ ಆ ಕಾರು ಬೂದಿ ಮುಚ್ಚಿದ ಕೆಂಡದಂತೆ ಉಳಿಯಿತು.

ಈಗ ಅವನು ನಂಟರ ಮನೆಯ ನಾಮಕರಣಕ್ಕೆ ಮಂಡ್ಯಕ್ಕೆ ಹೋಗಿದ್ದ. ಮಳೆ ಶುರುವಾಗುವ ಮುಂಚೆ ಕಾರನ್ನು ಸಾಗಿಸಲೇಬೇಕೆಂದು ಹಟ ಹಿಡಿದ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಮುರಳೀಧರ, ಬಾಗಿಲಿಗೆ ಬಂದು ಕೇಳಿದ್ದ: "ಕಾಯಲಾನ್ ಕಡೈಕ್ಕು ಅನುಪ್ಪಿಡಲಾಮಾಮ್ಮಾ?"

ಅನುಪ್ಪು ಅಂದರೆ ಕಳಿಸು, ಕಡೈ ಅಂದರೆ ಅಂಗಡಿ. ಅಷ್ಟು ತಮಿಳು ಶಿವಲಿಂಗಮ್ಮನಿಗೆ ಬರುತ್ತಿತ್ತು. ಕಾಯಲಾ ಅಂದರೆ ಇನ್ನೇನು, ಕಾಯಿಲೆ. ಅಬ್ಬ, ಈ ಊರಲ್ಲಿ ಕಾರಿಗೂ ಆಸ್ಪತ್ರೆ ಇದೆ! ಗಂಡ ಬರುವಷ್ಟರಲ್ಲಿ ಕಾರು ವಾಸಿಯಾಗಿ ನಿಂತಿದ್ದರೆ ಅವನ ಮುಖ ಹೇಗಾದೀತು ಎಂದು ನೆನೆದೇ ಅವಳಿಗೆ ಖುಷಿಯಾಯಿತು. ಮನೆಯೊಳಗಿನ ಮುನಿಸೂ ಅದರೊಂದಿಗೇ ಹೋದೀತು.

"ಆಮಾ ಸಾರ್, ಪಾಪ, ಅದಕ್ಕೆ ಕಾಯ್ಲೆನೇ. ಅನುಪ್ಪುಂಗೋ," ಎಂದು ಬೀಗದ ಕೈ ಕೊಟ್ಟುಬಿಟ್ಟಿದ್ದಳು. ಮಿಕ್ಕದ್ದನ್ನು ಯಜಮಾನರ ಹತ್ತಿರ ಮಾತಾಡುತ್ತೇನೆಂದು ಮುರಳೀಧರ ಹೋದ.

ಎರಡು ದಿನ ಬಿಟ್ಟು ಹನುಮಂತಯ್ಯ ಬಂದ. ಬೇವಿನ ಮರದ ಕೆಳಗೆ ಎಣ್ಣೆಯ ಕಲೆ ಮಾತ್ರ ಇತ್ತು. ಚೀಲ ಹೆಗಲಲ್ಲಿರುವಂತೆಯೇ ಒಳಗೆ ಬಂದು, "ಕಾರೆಲ್ಲೇ?" ಎಂದ.

"ಗಾಬ್ರಿಯಾಗ್ಬೇಡಿ. ನೀವಂತೂ ಮಾಡ್ಸ್ಲಿಲ್ಲ, ನಾನೇ ಮಾಡ್ಸ್ತಿದೀನಿ. ಕಾಯಲಾನ್ ಕಡೈಗೆ ಕಳ್ಸಿದೀನಿ."

ಹಲ್ಲುಜ್ಜುತ್ತಿದ್ದ ಪಾವನಾ ನೊರೆ ತುಂಬಿದ ಬಾಯಲ್ಲೇ ನಕ್ಕಳು. "ಐಯೋ ಅಮ್ಮಾ! ಕಾಯಲಾನ್ ಕಡೈನಾ ಗುಜರಿ ಮಾ! ಉಡೈಚ್ಚುಡುವಾಂಗ, ಒಡೆದು ಹಾಕ್ಬಿಡ್ತಾರೆ!" ಅಪ್ಪನ ಮುಖ ಕಂಡದ್ದೇ ಅವಳ ನಗು ನಿಂತಿತು.

"ಗೊತ್ತಿದ್ದೇ ಮಾಡಿದ್ದೀಯ," ಎಂದ ಹನುಮಂತಯ್ಯ. "ಮಗೂಗೆ ಜ್ವರ ಬಂದಿದ್ದಕ್ಕೆ ನನ್ ಮೇಲೆ ಸೇಡು ತೀರಿಸ್ಕೊಂಡೆ."

"ನನ್ನಾಣೆ ಕಣ್ರೀ, ರಿಪೇರಿ ಅಂತ್ಲೇ ಅನ್ಕೊಂಡಿದ್ದೆ."

ಅವನು ಕೇಳಿಸಿಕೊಳ್ಳಲಿಲ್ಲ. ಮುರಳೀಧರನಿಂದ ವಿಳಾಸ ಪಡೆದು, ಗುಜರಿ ಅಂಗಡಿಗಳ ಪುದುಪೇಟೆಗೆ ಅವಳನ್ನೂ ಕರೆದುಕೊಂಡು ಆಟೋ ಹತ್ತಿದ. ಶಿವಲಿಂಗಮ್ಮನಿಗೆ ಅಳು ಬಂತು. ಆಣೆ ಸುಳ್ಳಲ್ಲ. ಆದರೆ ಕಾರು ಗೇಟು ದಾಟಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾದದ್ದೂ ಸುಳ್ಳಲ್ಲವಲ್ಲ! ಅದನ್ನು ಯಾರ ಮುಂದೆ ಹೇಳುವುದು?

ಬೀದಿಯುದ್ದಕ್ಕೂ ಬಾಗಿಲು, ಸೀಟು, ಎಂಜಿನ್ನುಗಳ ರಾಶಿ. ಅವರ ಫಿಯಟ್ಟಿನ ತಲೆ ಆಗಲೇ ಹೋಗಿತ್ತು. ಬಾನೆಟ್ಟನ್ನು ಮಾತ್ರ ಗೋಡೆಗೆ ಒರಗಿಸಿ ಇಟ್ಟಿದ್ದರು, ಕುಂಕುಮ ಅಳಿಸಿರಲಿಲ್ಲ. ಅಂದು ಚಪ್ಪಲಿ ಕಳಚಿದ್ದವನೇ ಮುಂದೆ ಬಂದು, "ಅಮ್ಮಾ ಪೂಜೆ ಪೋಟ್ಟಾಂಗ ಸಾರ್, ನಾನ್ ತೊಡಲೆ," ಎಂದ. ಪೂಜೆ ಮಾಡಿದ್ದನ್ನು ಮುಟ್ಟಲು ಅವನಿಗೆ ಮನಸ್ಸಾಗಿರಲಿಲ್ಲ.

"ಬೇಗ ವಾಸಿಯಾಗಿ ಬರ್ಲಿ ಅಂತ ಹಚ್ಚಿದ್ದು," ಎಂದಳು ಶಿವಲಿಂಗಮ್ಮ. ಹನುಮಂತಯ್ಯ ಆ ಕುಂಕುಮವನ್ನೇ ನೋಡುತ್ತ ನಿಂತ.

ಅಷ್ಟರಲ್ಲಿ ಇಬ್ಬರು ಆಳುಗಳು ಕಾರಿನ ಹಿಂಭಾಗವನ್ನು ಎತ್ತಿ ಮಗುಚಿದರು. ಡಿಕ್ಕಿಯಿಂದ ಕಪ್ಪು ನೀರು ಸುರಿದು ಅವನ ಚಪ್ಪಲಿಯವರೆಗೂ ಹರಿಯಿತು. ನೀರಿನ ತುಂಬ ಸಣ್ಣ ಹುಳುಗಳು ಮಿಡಿಯುತ್ತಿದ್ದವು. ಅವನು ಕಾಲು ಹಿಂದೆಗೆದುಕೊಳ್ಳಲಿಲ್ಲ. ಜ್ವರದಲ್ಲಿದ್ದ ಮಗಳ ಕೈ ಹಿಡಿದು ಕೂತಿದ್ದಾಗಲೂ ಶಿವಲಿಂಗಮ್ಮ ಅವನ ಮುಖ ಹೀಗಾದದ್ದನ್ನು ಕಂಡಿರಲಿಲ್ಲ. ಗೆದ್ದೆ ಅನ್ನಿಸಲಿಲ್ಲ ಅವಳಿಗೆ.

ಪಕ್ಕದಲ್ಲಿ ಒಬ್ಬ ತನ್ನ ಹಳೇ ಫಿಯಟ್ ಟ್ಯಾಕ್ಸಿಗೆ ಇವರ ಬಾಗಿಲನ್ನು ಕೀಲು ಸಮೇತ ಹಾಕಿಸಿಕೊಂಡಿದ್ದ. ಅದೇ ಶಿವಲಿಂಗಮ್ಮನ ಕಡೆಯದು. ಎಳೆದೆಳೆದು ಬಡಿದರೂ ಮುಚ್ಚುತ್ತಿಲ್ಲ. ಅವನು ಮತ್ತೆ ಮತ್ತೆ ಬಡಿದ. ಪ್ರತಿ ಸಲವೂ ಹನುಮಂತಯ್ಯನ ಭುಜ ಅದುರುತ್ತಿತ್ತು.

"ಎತ್ತಿ ಹಾಕ್ಬೇಕು ಅಂತ ಹೇಳೇ ಅವ್ನಿಗೆ," ಎಂದ, ನೀರಿನಿಂದ ಕಣ್ಣು ತೆಗೆಯದೆ.

ಶಿವಲಿಂಗಮ್ಮ ಟ್ಯಾಕ್ಸಿಯ ಹತ್ತಿರ ಹೋದಳು. ತನ್ನ ತಮಿಳಲ್ಲಿ ಯಾವ ಮಾತು ಏನಾದೀತೋ ಎಂದು ಬಾಯಿ ತೆರೆಯಲಿಲ್ಲ. ಬಾಗಿಲಿನ ಅಡಿಗೆ ಅಂಗೈ ಕೊಟ್ಟು, ತುಸು ಎತ್ತಿ, ಮೆಲ್ಲನೆ ದೂಡಿದಳು. ಟಪ್ಪೆಂದು ಮುಚ್ಚಿಕೊಂಡಿತು.