ಹೊರಗಿಟ್ಟ ದೀಪ

"ಅವ ಈಗ ಎಂತ ಹೇಳಿದ?" ಎಂದು ಉಮಾನಾಥರು ಕೇಳಿದರು.

ಟಿವಿಯಲ್ಲಿ ಅಲೆಮಾರಿ ಖಡ್ಗಧಾರಿಯು ಮುದುಕ ಕುಂಬಾರನ ಜಗಲಿಯ ಮೇಲೆ ಕುಳಿತಿದ್ದನು. ಅವನ ಹುಲ್ಲಿನ ಟೋಪಿಯ ಅಂಚಷ್ಟೇ ಉಮಾನಾಥರಿಗೆ ಕಾಣುತ್ತಿತ್ತು. ಮುಖವಿರಬೇಕಾದಲ್ಲಿ ಮಸಿ ಮೆತ್ತಿದಂತಿತ್ತು. ವರ್ಷದಿಂದೀಚೆಗೆ ಅವರು ಯಾರನ್ನು ನೋಡಿದರೂ ಅಂಚು ಮಾತ್ರ ಉಳಿದು ನಡುಭಾಗ ಅಳಿಸಿಹೋಗುತ್ತಿತ್ತು. ಆದ್ದರಿಂದ ಜಪಾನಿನ ಈ ಹಳೆಯ ಚಿತ್ರಸರಣಿಯ ಇಂಗ್ಲಿಷ್ ಅಡಿಬರಹವನ್ನು ಮಗಳು ಧೃತಿ ಓದಿ, ಕನ್ನಡದಲ್ಲಿ ಹೇಳುತ್ತಿದ್ದಳು. ಯುದ್ಧಕ್ಕೆ ಹೋದ ಮಗನಿಗಾಗಿ ಕುಂಬಾರ ಪ್ರತಿರಾತ್ರಿ ಹೊಸ್ತಿಲಾಚೆ ದೀಪವಿಡುತ್ತಾನೆಂದು ಆಗಲೇ ತಿಳಿಸಿದ್ದಳು.

"'ನಿಮ್ಮ ಮಗ ಚೆನ್ನಾಗಿದ್ದಾನೆ, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಹಬ್ಬದ ಹೊತ್ತಿಗೆ ಬಂದೇ ಬರ್ತಾನೆ' ಅಂತ ಹೇಳಿದ, ಅಪ್ಪ."

ಉಮಾನಾಥರು ಕುರ್ಚಿಯಲ್ಲಿ ನೆಟ್ಟಗಾದರು. ಖಡ್ಗಧಾರಿ ಆಡಿದ್ದು ಎರಡೇ ಮಾತು, ಅದೂ ಕೆಮ್ಮಿನಷ್ಟು ಗಿಡ್ಡ. ಹಿಂದಿನ ಚಿತ್ರಗಳಲ್ಲಿ ಅನ್ನ ಹಾಕಿದವರಿಗೂ ತಲೆಬಾಗಿ ಸುಮ್ಮನೆ ನಡೆದುಹೋದವನು ಈಗ ಹಬ್ಬದ ಕುಶಲ ಹೇಳುವನೇ? ಎಲ್ಲೋ ನೀರು ತೊಟ್ಟಿಕ್ಕುವ ಸದ್ದಾಯಿತು. ಬಹಳ ಹೊತ್ತಿನ ಮೇಲೆ ಮುದುಕ ಬಿಕ್ಕಿದ ಸದ್ದು.

"ಒಳ್ಳೆ ಸುದ್ದಿಗೆ ಅಳುದು ಎಂತಕ್ಕೆ?"

"ಸಂತೋಷಕ್ಕೆ. ನನ್ನ ರಿಸಲ್ಟ್ ಬಂದ ದಿನ ನೀವು ಅಳ್ಲಿಲ್ವಾ?"

"ಅದು ನಿನ್ನ ಅಮ್ಮ ನೀರುಳ್ಳಿ ಕೊಚ್ಚುತ್ತಿದ್ದದ್ದು."

ಧೃತಿ ನಕ್ಕಳು. ಉಮಾನಾಥರು ನಗಲಿಲ್ಲ. ಉಡುಪಿಯ ಕಾಲೇಜಿನಲ್ಲಿ ಜೀವಮಾನವಿಡೀ ರೇಖಾಗಣಿತ ಕಲಿಸಿದವರು ಅವರು. ಉತ್ತರ ಸರಿಯಾಗಿದ್ದು ನಡುವಿನ ಹೆಜ್ಜೆ ತಪ್ಪಿದ್ದರೆ ಅವರ ಬೆರಳು ತಾನಾಗಿ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ಆ ರಾತ್ರಿ ಬೆರಳು ಮತ್ತೊಂದು ಹೆಜ್ಜೆಯ ಮೇಲೆ ನಿಂತಿತು. ಮಲೇಷ್ಯಾದಲ್ಲಿ ಮಗಳ ಮನೆ ಸೇರಿದ ಮೇಲೆ ಅವರು ತೋರಿಸಿಕೊಳ್ಳುತ್ತಿದ್ದ ಪೆಟಾಲಿಂಗ್ ಜಯಾದ ಕಣ್ಣಿನ ವೈದ್ಯರು ಧೃತಿಯ ಪರಿಚಿತರು. ಧೃತಿಯೂ ವೈದ್ಯೆ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವಳು. ಕಳೆದ ಸಲ ಪರೀಕ್ಷೆ ಮುಗಿದೊಡನೆ ಉಮಾನಾಥರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದಿದ್ದರು. ವೈದ್ಯರ ಮನೆಗೆ ವೈದ್ಯರು ಸಲ್ಲಿಸುವ ಮರ್ಯಾದೆ ಅದು: ರೋಗದ ಮಾತು ರೋಗಿಯೊಡನೆ ಅಲ್ಲ, ಮನೆಯ ಡಾಕ್ಟರೊಡನೆ. ಆಗ ಅದು ಅವರಿಗೆ ಹೆಮ್ಮೆಯ ಸಂಗತಿಯಾಗಿಯೇ ತೋರಿತ್ತು. ಬಾಗಿಲ ಸಂದಿಯಿಂದ ಕೇಳಿಸಿದ ವೈದ್ಯರ ಮಾತು ಗಿಡ್ಡದಾಗಿತ್ತು. ಹೊರಬಂದ ಧೃತಿಯ ಮಾತು ಉದ್ದವಾಗಿತ್ತು: ಒಳಗೆ ಬಾವು ಬಂದಿದೆ, ಇಂಜೆಕ್ಷನ್ನಿಗೆ ಇಳಿಯುತ್ತದೆ, ದೀಪಾವಳಿಯೊಳಗೆ ಪುಸ್ತಕ ಓದಬಹುದು.

ಆ ಮಾತನ್ನು ನಂಬಿಯೇ ಅವರು, ಬಿಳಿಕೋಲು ಹಿಡಿದು ನಡೆಯುವುದನ್ನು ಕಲಿಸಲು ಬಂದ ಹೆಂಗಸನ್ನು ಚಹಾ ಕೊಟ್ಟು ಕಳುಹಿಸಿಬಿಟ್ಟಿದ್ದರು. ಆ ಮಾತನ್ನು ನಂಬಿಯೇ ಕುರ್ಚಿಯ ಪಕ್ಕದ ಮೇಜಿನಲ್ಲಿ, ಅರ್ಧ ಓದಿದ ಪುಸ್ತಕವನ್ನು ತೆರೆದಿಟ್ಟು, ಸಂಜೆಯಾದೊಡನೆ ಭೂತಗನ್ನಡಿ ಜೋಡಿಸಿದ ದೀಪವನ್ನು ಹೊತ್ತಿಸುತ್ತಿದ್ದರು. ಹಾಳೆಯ ಅಂಚು ಕಾಣುತ್ತಿತ್ತು.

ಸಂಶಯಕ್ಕೆ ಒಮ್ಮೆ ಎಡೆ ಸಿಕ್ಕಿದರೆ ಮನೆಯೆಲ್ಲ ಅದರದೇ. ಅಡುಗೆಮನೆಯಲ್ಲಿ ಪಿಸುಮಾತು ಕೇಳಿದರೂ, ಅಳಿಯ ಸುಜಿತ್ ಫೋನು ಹಿಡಿದು ಅಂಗಳಕ್ಕೆ ಇಳಿದರೂ, ಅದು ತನ್ನದೇ ವಿಚಾರವೆನ್ನಿಸಿತು. ಇಂಜೆಕ್ಷನ್ನಿಗೆ ಹೋಗುವ ದಿನ ಏಕೆ ಮುಂದಕ್ಕೆ ಹೋಯಿತು ಎಂದು ಕೇಳಿದಾಗ ಧೃತಿ, "ಡಾಕ್ಟರು ರಜೆಯಲ್ಲಿದ್ದಾರೆ" ಎಂದಳು, ಪ್ರಶ್ನೆ ಮುಗಿಯುವ ಮೊದಲೇ.

ಗುರುವಾರ ಮಧ್ಯಾಹ್ನ ಧೃತಿ ಕಾಲೇಜಿನಲ್ಲಿದ್ದಳು, ಸುಜಿತ್ ಸೈಬರ್‌ಜಯಾದ ಆಫೀಸಿನಲ್ಲಿ. ಮೊಮ್ಮಗಳು ಅನನ್ಯಳಿಗೆ ಪರೀಕ್ಷೆ ಮುಗಿದು ರಜೆ.

"ಮಗಾ, ಆ ಜಪಾನಿನವನನ್ನು ಒಮ್ಮೆ ಹಾಕು. ಕುಂಬಾರನ ಮನೆಗೆ ಬರ್ತಾನಲ್ಲ, ಅಲ್ಲಿಂದ."

"ಅಜ್ಜ, ದಟ್ ಒನ್ ಆಲ್ರೆಡಿ ವಾಚ್ಡ್ ಲಾ."

"ನೋಡಿದ್ದು ನಿನ್ನ ಅಮ್ಮ. ನಾನು ಕೇಳಿದ್ದು ಮಾತ್ರ. ಕೆಳಗೆ ಬರೆದದ್ದನ್ನು ಓದು."

"ಕ್ಯಾನ್. ಬಟ್ ಕನ್ನಡ ಆಲ್ ಐ ಕಾಂಟ್, ಓಕೆ? ಜಸ್ಟ್ ರೀಡ್."

"ನಿನಗೆ ಕನ್ನಡದಲ್ಲಿ ಹೇಳ್ಲಿಕ್ಕೆ ಬಾರದ್ದೇ ಇವತ್ತು ಉಪಕಾರ."

ನೀರು ತೊಟ್ಟಿಕ್ಕಿತು. ಖಡ್ಗಧಾರಿ ಕೆಮ್ಮಿದಂತೆ ನುಡಿದನು.

"ಐ ಬರೀಡ್ ಹಿಮ್. ಬೈ ದ ರಿವರ್," ಎಂದು ಅನನ್ಯ ಓದಿದಳು.

ಹೂಳಿದೆ, ನದಿಯ ಬಳಿ. ಎರಡೇ ಮಾತು. ಉಮಾನಾಥರು ಕುರ್ಚಿಯ ತೋಳನ್ನು ಹಿಡಿದುಕೊಂಡರು.

"ಮುದುಕ ಎಂತ ಹೇಳ್ತಾನೆ?"

"ವೇಟ್, ಹೀಸ್ ಕ್ರೈಯಿಂಗ್... 'ಥ್ಯಾಂಕ್ ಯೂ. ಟುನೈಟ್ ಐ ಕ್ಯಾನ್ ಸ್ಲೀಪ್.' ನೌ ಹೀ ಈಸ್ ಬ್ರಿಂಗಿಂಗ್ ದ ಲ್ಯಾಂಪ್ ಇನ್‌ಸೈಡ್." ಅನನ್ಯ ಚಿತ್ರವನ್ನು ನಿಲ್ಲಿಸಿದಳು. "ಮಮ್ಮಿ ಡಿಡಂಟ್ ಟೆಲ್ ಯೂ, ಅಜ್ಜ?"

"ಹೇಳಿದ್ದಾಳೆ," ಎಂದರು ಉಮಾನಾಥರು. "ನಾನೇ ಸರಿ ಕೇಳಲಿಲ್ಲ."

ಸಂಜೆ ಧೃತಿ ಬೀದಿಯ ಮಾಮಕ್ ಹೋಟೆಲಿನಿಂದ ರೊಟ್ಟಿ ತಪಾವು ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು ಬಂದಳು. ಮೇಜಿನ ದೀಪ ಎಂದಿನಂತೆ ಉರಿಯುತ್ತಿತ್ತು.

"ಬಿಸಿ ಇರುವಾಗಲೇ ತಿನ್ನಿ ಅಪ್ಪ. ಆಮೇಲೆ ಮುಂದಿನ ಚಿತ್ರ ಹಾಕ್ಲಾ?"

"ಹಾಕು. ಅದಕ್ಕೆ ಮೊದಲು ಒಂದು ಹೇಳು. ಆ ಕುಂಬಾರನ ಮಗ ಹಬ್ಬಕ್ಕೆ ಬಂದನಾ?"

ಪೊಟ್ಟಣ ಬಿಚ್ಚುತ್ತಿದ್ದ ಸದ್ದು ನಿಂತಿತು. ಅನನ್ಯ ತನ್ನ ಕೋಣೆಯಲ್ಲಿ ಯಾರೊಡನೆಯೋ ಫೋನಿನಲ್ಲಿ ನಗುತ್ತಿದ್ದಳು.

"ಈಗ ಅದೆಲ್ಲ ಎಂತಕ್ಕಪ್ಪ?"

"ಕುಂಬಾರನೇ ಕೇಳ್ತಿದ್ದಾನೆ ಅಂತ ಇಟ್ಕೋ."

ಅವರು ಅವಳ ಕಡೆಗೆ ಮುಖ ತಿರುಗಿಸಿದರು. ಕೂದಲಿನ ಅಂಚು ಕಾಣುತ್ತಿತ್ತು, ಒಂದು ಕಿವಿಯ ಓಲೆ ಕಾಣುತ್ತಿತ್ತು. ಓಲೆ ಸ್ವಲ್ಪ ಹೊತ್ತು ಅಲುಗಿತು, ಆಮೇಲೆ ನಿಂತಿತು.

"ಇಲ್ಲ, ಅಪ್ಪ," ಎಂದಳು ಧೃತಿ. "ಬರುದಿಲ್ಲ."

ಮಾತು ಗಿಡ್ಡದಾಗಿತ್ತು.

ಉಮಾನಾಥರು ತಲೆಯಾಡಿಸಿದರು. ಮೇಜನ್ನು ತಡವಿ ಪುಸ್ತಕವನ್ನು ಮುಚ್ಚಿದರು. ಮತ್ತೆ ತಡವಿ ದೀಪದ ಗುಂಡಿಯನ್ನು ಒತ್ತಿದರು. ಆರಿದ ದೀಪದ ಬುರುಡೆ ಇನ್ನೂ ಬಿಸಿಯಾಗಿತ್ತು. ಅವರು ಅದರ ಹತ್ತಿರದಲ್ಲೇ ಅಂಗೈಯನ್ನು ಚಾಚಿ ಹಿಡಿದು, ಅದು ತಣಿಯುವವರೆಗೂ ಕುಳಿತಿದ್ದರು.