ಹೆಣವಿಲ್ಲದ ಬಡಿತ

"ಲೇ ಪಿಳ್ಳ, ತಮಟೆ ಕಾಯ್ಸೋ ಅಂದ್ರೆ ಕುಂಡಿ ಕಾಯಿಸ್ಕೊಂತ ಕುಂತಿದ್ದೀಯೇನ್ಲಾ, ಬಡ್ಡೀಮಗನೆ! ಸಾಹೇಬ್ರ ಕಾರು ಸಾರಕ್ಕಿ ದಾಟೈತಂತೆ!"

ಹುಲ್ಲಿನ ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಪಿಳ್ಳಪ್ಪ ತಲೆಯೆತ್ತಲಿಲ್ಲ. ತಮಟೆಯನ್ನು ಬೆಂಕಿಗೆ ಒಡ್ಡಿದ, ತಿರುಗಿಸಿದ, ಬೆರಳಲ್ಲಿ ತಟ್ಟಿ ಕಿವಿಗೊಟ್ಟ, ಮತ್ತೆ ಒಡ್ಡಿದ.

"ಕುಂಡಿ ಕಾಯಕ್ಕೆ ಇಷ್ಟ್ ಹುಲ್ಲು ಸಾಲ್ದು ಬುದ್ದಿ. ಚರ್ಮ ಹದ ಆಗ್ಬೇಕು. ತಣ್ಗಿರೋ ತಮಟೆ ಬಡುದ್ರೆ ಸಾಹೇಬ್ರು ಬಂದಂಗಿರಲ್ಲ, ಎಮ್ಮೆ ಈದಂಗಿರ್ತದೆ."

ಪಕ್ಕದಲ್ಲಿ ತನ್ನ ತಮಟೆ ಕಾಯಿಸುತ್ತಿದ್ದ ಹೆಂಡತಿಯ ತಮ್ಮ ಮುನಿಶಾಮಿ ಕಿಸಕ್ಕೆಂದು, ಕೆಮ್ಮಿದವನಂತೆ ನಟಿಸಿದ.

ಬೈದವನು ಚಿಕ್ಕಬೈರಪ್ಪ, ಹೊಂಗೆಕುಂಟೆ ಪಂಚಾಯ್ತಿ ಛೇರ್ಮನ್ನು. ಆವತ್ತು ಮೈಸೂರು ಪೇಟ ಇಟ್ಟಿದ್ದ. ತಲೆ ಸಣ್ಣದು, ಪೇಟ ಮಾವನದು. ಬೈದಾಗಲೆಲ್ಲ ಅದು ಹುಬ್ಬಿಗೆ ಜಾರುತ್ತಿತ್ತು. ಮೇಲಕ್ಕೆ ತಳ್ಳುವುದು, ಮತ್ತೆ ಬೈಯುವುದು, ಬೆಳಗಿನಿಂದ ಅವನಿಗೆ ಇದೇ ಕೆಲಸವಾಗಿತ್ತು. ತಾಲ್ಲೂಕಿನಿಂದ ಯುದ್ಧಕ್ಕೆ ಹೋಗಿ ಸತ್ತವರ ನೆನಪಿಗೆ ಒಂದು ಕಲ್ಲು ನಿಲ್ಲಿಸಬೇಕೆಂದು ಜಯನಗರದ ದೊಡ್ಡವರು ಕಮಿಟಿ ಮಾಡಿದ್ದರು. ಕೋಣನಕುಂಟೆಯವರು ನಮ್ಮಲ್ಲಿ ಅಂದರು, ಹುಳಿಮಾವಿನವರು ನಮ್ಮಲ್ಲಿ ಅಂದರು. ಚಿಕ್ಕಬೈರಪ್ಪ ಹುರುಳಿಯೂ ಬೆಳೆಯದ ತನ್ನ ಎರಡು ಗುಂಟೆ ಕಲ್ಲುಭೂಮಿಯನ್ನು ದಾನ ಕೊಟ್ಟು ಕಲ್ಲನ್ನು ತನ್ನೂರಿಗೆ ಹೊಡೆದುಕೊಂಡ. ಕಲ್ಲು ಬಂದರೆ ಕಾರು ಬರುತ್ತದೆ, ಕಾರು ಬಂದರೆ ಟಾರು ಬರುತ್ತದೆ, ಟಾರು ಬಂದರೆ ಪಕ್ಕದ ತನ್ನ ಆರೆಕರೆಗೆ ಸೈಟಿನ ಬೆಲೆ ಬರುತ್ತದೆ ಅನ್ನುವುದು ಅವನ ದೇಶಭಕ್ತಿ.

ಕಲ್ಲಿನ ಮೇಲೆ ಹನ್ನೊಂದು ಹೆಸರು. ಹತ್ತು ಹೆಸರು ಯಾರ ಯಾರದೋ. ಹನ್ನೊಂದನೆಯದು ತಿಮ್ಮರಾಯಿ, ಪಿಳ್ಳಪ್ಪನ ಒಬ್ಬನೇ ಮಗ. ಪಿಳ್ಳಪ್ಪನಿಗೆ ಓದು ಬಾರದು. ಕಲ್ಲು ಕೆತ್ತಿದವನು ಅವನ ಕೈ ಹಿಡಿದು ಕೊನೆಯ ಸಾಲಿನ ಮೇಲೆ ಆಡಿಸಿ, "ಇವ್ನೇ ಕಣಣ್ಣೋ ನಿನ್ ಮಗ" ಅಂದಿದ್ದ. ಅವತ್ತಿನಿಂದ ಹೊಲಕ್ಕೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಆ ಸಾಲನ್ನು ಮುಟ್ಟಿ ಬರುವುದು ಪಿಳ್ಳಪ್ಪನಿಗೆ ರೂಢಿಯಾಗಿತ್ತು.

ತಿಮ್ಮರಾಯಿ ಹಲಸೂರಿಗೆ ಹೋಗಿ ಪಲ್ಟನ್ನಿಗೆ ಸೇರಿ, ಚೀನಾದವರು ಬಂದ ವರ್ಷ ಹಿಮದ ಬೆಟ್ಟದಲ್ಲಿ ಸೇತುವೆ ಕಟ್ಟುತ್ತಾ ಅಲ್ಲೇ ಉಳಿದ. ಹೆಣ ಬರಲಿಲ್ಲ, ತಂತಿ ಬಂತು. ತಂತಿ ಬಂದ ದಿನ ಚಿಕ್ಕಬೈರಪ್ಪನ ಮಗಳ ಮದುವೆ. ಪಿಳ್ಳಪ್ಪ ಚಪ್ಪರದ ಆಚೆ ನಿಂತು ಕೈಮುಗಿದಿದ್ದ.

"ಗೌಡ್ರೆ, ಮಗ ಓಗ್ಬಿಟ್ಟ. ಕೇರಿ ಮುಂದೆ ಒಂದ್ ಗಳಿಗೆ ಸಾವಿನ್ ಬಡಿತ ಬಡೀತೀವಿ."

"ಹೆಣ ಎಲ್ಲೈತ್ಲಾ?"

"ಹೆಣ ಇಲ್ಲ ಬುದ್ದಿ."

"ಹೆಣ ಇಲ್ದೆ ಎಂಥ ಸಾವ್ಲಾ? ಮದ್ವೆ ಮನೆಗೆ ಕೇಳೋ ಅಂಗೆ ಸಾವಿನ್ ಬಡಿತ ಬಡ್ದು ನನ್ ಬೀಗ್ರನ್ನ ಓಡಿಸ್ಬೇಕು ಅಂತ ಮಾಡಿದ್ದೀಯಾ? ನಡಿ, ದಿಬ್ಬಣ ಬತ್ತೈತೆ, ಅದಕ್ ಬಡಿ."

ಪಿಳ್ಳಪ್ಪ ದಿಬ್ಬಣಕ್ಕೆ ಬಡಿದ. ಬೀಗರು ಕುಣಿದರು. ಚೆನ್ನಾಗಿ ಬಡಿದನೆಂದು ಹಿತ್ತಿಲಲ್ಲಿ ಅವನ ಎಲೆಗೆ ಎರಡನೇ ಸಲ ಪಾಯಸ ಬಿಟ್ಟರು.

ಹಾಗಾಗಿ ತಿಮ್ಮರಾಯಿಗೆ ಬಡಿತ ಆಗಲೇ ಇಲ್ಲ. ಬಡಿತ ಕೇಳದೆ ಹೋದ ಜೀವಕ್ಕೆ ತಾನು ಸತ್ತದ್ದೇ ತಿಳಿಯುವುದಿಲ್ಲ, ಹಸಿದುಕೊಂಡು ಮನೆಯ ಸುತ್ತ ಓಡಾಡುತ್ತಿರುತ್ತದೆ ಅನ್ನುವುದು ಕೇರಿಯ ನಂಬಿಕೆ. ಹೆಂಡತಿ ಮುನಿವೆಂಕಟಮ್ಮ ನಾಲ್ಕು ವರ್ಷದಿಂದ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತಿದ್ದಳು. ಅದನ್ನು ಬೆಕ್ಕು ತಿನ್ನುತ್ತಿತ್ತು. ಇವಳು ಬೆಕ್ಕಿಗೆ, "ನಿಧಾನಕ್ಕೆ ತಿನ್ನು ತಿಮ್ರಾಯಿ, ಯಾರೂ ಕಿತ್ಕೊಳಲ್ಲ" ಅನ್ನುತ್ತಿದ್ದಳು.

ಆವತ್ತು ಬೆಳಿಗ್ಗೆ ಅವನು ತಮಟೆ ಹೆಗಲಿಗೆ ಹಾಕುವಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅವ್ನ ಹೆಸ್ರಿನ್ ಮುಂದೇನೇ ನಿಂತ್ಕಂಡು ಬಡೀತೀಯಲ್ಲ, ಸಾವಿನ್ ಬಡಿತ ಒಂದ್ ಸುತ್ತು ಬಡಿ."

"ಛೇರ್ಮನ್ನು ಸಿಗಿದಾಕ್ತಾನೆ ಕಣೆ."

"ಸಿಗಿದ್ರೆ ನಾಳೆ ಅವ್ನಪ್ಪ ಸತ್ತಾಗ ಬಡಿಯೋರ್ಯಾರು? ಸಿಗಿಯಕ್ಕಿಲ್ಲ, ಓಗು."

"ನನ್ ಕೈಲಿ ಆಗಕ್ಕಿಲ್ಲ," ಅಂದು ಪಿಳ್ಳಪ್ಪ ಅವಳನ್ನು ಬಳಸಿಕೊಂಡು ಹೊರಟುಬಂದಿದ್ದ.

ಈಗ ದೇವಸ್ಥಾನದ ಅರ್ಚಕ ಶಾಮಣ್ಣ ಕಲ್ಲಿಗೆ ಕುಂಕುಮ ಹಚ್ಚಲು ಬಂದರು. ಬಂದವರು ಎರಡು ಮಾರು ದೂರದಲ್ಲೇ ನಿಂತು ಕತ್ತು ಓರೆ ಮಾಡಿದರು.

"ಅಲ್ಲ ಗೌಡ್ರೆ, ಕಲ್ಲಿಗೆ ಪೂಜೆ ಅಂದ್ರೆ ಎಲ್ಲಾ ಹೆಸರಿಗೂ ಪೂಜೆ ಆದ ಹಾಗಲ್ವೆ? ಕೊನೇದಕ್ಕೂ? ನನಗೇನಿಲ್ಲಪ್ಪ. ಸಂಜೆ ಅದೇ ಕೈಯಲ್ಲಿ ದೇವರನ್ನ ಮುಟ್ಟಬೇಕು, ನೋಡಿ."

ಚಿಕ್ಕಬೈರಪ್ಪ ಪೇಟವನ್ನು ಮೇಲಕ್ಕೆ ತಳ್ಳಿ ಸುತ್ತ ನೋಡಿದ. ಸಾಹೇಬರಿಗಾಗಿ ಬಾಡಿಗೆಗೆ ತಂದ ಕ್ರೋಟನ್ ಕುಂಡಗಳಿದ್ದವು. "ಲೇ, ಆ ಎರಡು ಕುಂಡ ತಂದು ಕಲ್ಲಿನ ಬುಡಕ್ಕೆ ಒತ್ತಿ ಇಡ್ರೋ." ಇಟ್ಟರು. ಹತ್ತು ಹೆಸರು ಉಳಿದವು. ಶಾಮಣ್ಣ ಮುಂದೆ ಬಂದು ಕುಂಕುಮ ಹಚ್ಚಿದರು.

ಪಿಳ್ಳಪ್ಪ ಎದ್ದುನಿಂತ. "ಬುದ್ದಿ, ಆ ಕುಂಡ ಒಂಚೂರು ಪಕ್ಕಕ್ಕೆ ಸರಿಸಿದ್ರೆ..."

"ಯಾಕ್ಲಾ? ನಿಂಗೆ ಓದಕ್ ಬತ್ತದಾ?"

"ಇಲ್ಲ ಬುದ್ದಿ."

"ಮತ್ತೆ? ಕಂಡ್ರೇನು ಬಿಟ್ರೇನು?"

ನಿಂತಿದ್ದವರೆಲ್ಲ ನಕ್ಕರು. ಮಾತು ಸರಿಯಾಗಿಯೇ ಇತ್ತು. ಪಿಳ್ಳಪ್ಪನೂ ಒಂಚೂರು ನಕ್ಕ.

ಅಷ್ಟರಲ್ಲಿ ಧೂಳೆಬ್ಬಿಸುತ್ತಾ ಕಾರು ಬಂತು. ಇಳಿದವರು ಕಮಿಟಿಯ ಅಧ್ಯಕ್ಷರು, ಅನಂತಪದ್ಮನಾಭ. ರಿಟೈರಾದ ದೊಡ್ಡ ಅಧಿಕಾರಿ, ಜಯನಗರದಲ್ಲಿ ಮನೆ, ಉಣ್ಣೆ ಕೋಟು, ಕೈಯಲ್ಲಿ ಹ್ಯಾಟು. ಹಿಂದೆ ಒಬ್ಬ ಫೋಟೋದವನು. ಚಿಕ್ಕಬೈರಪ್ಪ ಹಾರ ಹಿಡಿದು ಓಡುತ್ತಾ, ಇನ್ನೊಂದು ಕೈಯನ್ನು ಪಿಳ್ಳಪ್ಪನ ಕಡೆ ಎತ್ತಿದ. ಬಡಿ ಅಂತ.

ಪಿಳ್ಳಪ್ಪ ಸ್ವಾಗತದ ಬಡಿತವನ್ನೇ ಎತ್ತಿಕೊಂಡ. ಡಣಕು ಣಕು, ಡಣಕು ಣಕು. ಮೂರನೇ ಸುತ್ತಿಗೆ ಕಣ್ಣು ಕುಂಡದ ಮೇಲೆ ಹೋಯಿತು. ಕ್ರೋಟನ್ ಎಲೆಗಳು ಗಾಳಿಗೆ ತಲೆಯಾಡಿಸುತ್ತಿದ್ದವು. ಬಲಗೈಯ ದಪ್ಪ ಕೋಲು ಒಂದು ಗಳಿಗೆ ಮೇಲೆಯೇ ನಿಂತುಬಿಟ್ಟಿತು. ಇಳಿದಾಗ ಬೇರೆಯದೇ ಆಗಿ ಇಳಿಯಿತು. ಡಂ. ಡಂ. ಡಂಡಣ ಡಂ.

"ಬಾವ?" ಅಂದ ಮುನಿಶಾಮಿ, ಕಣ್ಣು ಅರಳಿಸಿಕೊಂಡು. ಪಿಳ್ಳಪ್ಪ ಅವನ ಕಡೆ ತಿರುಗಲಿಲ್ಲ. ಮುನಿಶಾಮಿ ತನ್ನ ಕೋಲನ್ನೂ ಅದಕ್ಕೇ ಕೂಡಿಸಿದ.

ಸಾವಿನ ಬಡಿತಕ್ಕೆ ಊರು ಕಿವಿಯಿಂದಲ್ಲ, ಮೈಯಿಂದಲೇ ಏಳುತ್ತದೆ. ಹೆಂಗಸರು ತುಂಬಿಟ್ಟ ಬಿಂದಿಗೆಗಳನ್ನು ಬೀದಿಗೆ ಬೋರಲು ಹಾಕಿದರು. ಹೊಲದಲ್ಲಿದ್ದವರು ಕುಡುಗೋಲು ಬಿಸಾಕಿ ಬದುವಿನ ಮೇಲೆ ಓಡಿಬಂದರು. ಊರಲ್ಲಿ ಸಾವಾದರೆ ಗುಡಿ ಮುಚ್ಚಬೇಕು; ಶಾಮಣ್ಣ ಕುಂಕುಮದ ಬಟ್ಟಲನ್ನು ಅಲ್ಲೇ ಇಟ್ಟು ಓಡಿ, ದೇವಸ್ಥಾನಕ್ಕೆ ಬೀಗ ಜಡಿದರು. ಸಾಹೇಬರಿಗೆಂದು ಮಾಡಿಸಿದ್ದ ಒಂದು ಕೊಳಗ ಪುಳಿಯೋಗರೆ ಒಳಗೇ ಉಳಿಯಿತು.

ಯಾರೂ ಯಾರನ್ನೂ ಕೇಳಲಿಲ್ಲ. ಊರಲ್ಲಿ ಸಾಯಲು ತಯಾರಾಗಿದ್ದವನು ಒಬ್ಬನೇ: ಚಿಕ್ಕಬೈರಪ್ಪನ ಅಪ್ಪ, ಎಂಬತ್ತೈದು ದಾಟಿದ ಪಟೇಲಜ್ಜ. ಕಲ್ಲಿನ ಎದುರಿಗಿದ್ದ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ನಿದ್ದೆ ಮಾಡುತ್ತಿದ್ದ. ಒಳಗೆ ಹೋಳಿಗೆ ತಟ್ಟುತ್ತಿದ್ದ ಮಗಳು ನಾರಾಯಣಮ್ಮ, ಕೈಯಲ್ಲಿ ಹೂರಣದ ಉಂಡೆ ಹಾಗೇ ಹಿಡಿದುಕೊಂಡು ಬಂದು ಅವನ ಮೇಲೆ ಬಿದ್ದಳು.

"ಅಯ್ಯೋ ನನ್ನಪ್ಪಾ! ಒಂದ್ ಮಾತೂ ಹೇಳ್ದೆ ಹೊಂಟೋದ್ಯಲ್ಲಪ್ಪಾ! ಹೋಳಿಗೇನೂ ತಿನ್ದೆ ಹೊಂಟೋದ್ಯಲ್ಲಪ್ಪಾ!"

ಹಿಂದೆಯೇ ಹತ್ತು ಹೆಂಗಸರು ಬಂದು ಬಿದ್ದರು. ಕಂಬಳಿ ಒದರಿತು.

"ಸತ್ತಿಲ್ಲ ಕಣ್ರೇ ಮುಂಡೇರಾ! ಏಳ್ರೇ ಮೇಲಿಂದ, ಈಗ ಸಾಯ್ತೀನಿ!"

ಅನಂತಪದ್ಮನಾಭ ಇತ್ತ ಕಣ್ಣು ಅರೆಮುಚ್ಚಿ ಹ್ಯಾಟಿನ ಮೇಲೆ ತಾಳ ಹಾಕುತ್ತಿದ್ದರು. "ವಂಡರ್‌ಫುಲ್! ಏನ್ರೀ ಚಿಕ್ಕಬೈರಪ್ಪ, ಎಂಥಾ ಗಂಭೀರವಾಗಿದೆ ರೀ! ಇಂಥ ಜಾನಪದ ನಮ್ಮ ಜಯನಗರದಲ್ಲಿ ಎಲ್ಲಿ ಸಿಗುತ್ತೆ? ಈ ಬಡಿತಕ್ಕೆ ಏನಂತೀರಿ?"

"ಇದು... ಇದು ಯೋಧ್ರುದ್ದು ಸಾರ್. ವೀರ ಬಡಿತ," ಅಂದ ಚಿಕ್ಕಬೈರಪ್ಪ. ಅವಸರದಲ್ಲಿ ಹಾರ ಹಾಕಿದ. ಸಾಹೇಬರ ಹಿಂದಿನಿಂದ ಪಿಳ್ಳಪ್ಪನ ಹತ್ತಿರ ಬಂದು ಹಲ್ಲು ಕಚ್ಚಿದ. "ನಿಲ್ಸೋ ಬೋಳೀಮಗನೆ. ಕಾರು ಹೋಗ್ಲಿ, ನಿನ್ ಚರ್ಮ ಸುಲ್ದು ತಮಟೆ ಕಟ್ಟುಸ್ತೀನಿ."

ಪಿಳ್ಳಪ್ಪ ಕೋಲು ನಿಲ್ಲಿಸಲಿಲ್ಲ. ದನಿ ತಣ್ಣಗಿತ್ತು.

"ನಿಲ್ಸಕ್ಕೆ ನಂಗೇನ್ ಬುದ್ದಿ, ಈಗ್ಲೇ ನಿಲ್ಸ್ತೀನಿ. ಆದ್ರೆ ಮಣ್ ಮಾಡೋಗಂಟ ಈ ಬಡಿತ ನಡುವೆ ನಿಲ್ಬಾರ್ದು, ನಿಮ್ಗೂ ಗೊತ್ತಲ್ಲ. ನಿಂತ್ರೆ ಊರಾಗೆ ಇನ್ನೊಬ್ರನ್ನ ಕರ್ಕೊಂಡೇ ಓಗದು. ತಯಾರಾಗಿರೋರ್ನೇ ಮೊದ್ಲು." ಕೋಲನ್ನು ಎತ್ತಿ ಹಿಡಿದ. "ನಿಲ್ಸ್ಲಾ?"

ಎಲ್ಲರೂ ಜಗಲಿಯ ಕಡೆ ನೋಡಿದರು. ಹೂರಣ ಮೆತ್ತಿದ ಮುಖದ ಪಟೇಲಜ್ಜ ಕಂಬ ಹಿಡಿದು ಎದ್ದುನಿಂತಿದ್ದ.

"ಬಡಿಯೋ ಪಿಳ್ಳ! ನಿಲ್ಸೀಯ, ನನ್ನಾಣೆ! ಬಡಿ!"

"ಅಪ್ಪಾ, ನೀನ್ ಒಳಕ್ ನಡಿ..."

"ನೀನ್ ಮುಚ್ಚೋ ಬಾಯ್ನ. ಅಪ್ಪನ್ ಸಾಯ್ಸಕ್ ನಿಂತವ್ನೆ!" ಮುದುಕ ಕೆಮ್ಮಿ ಸುಧಾರಿಸಿಕೊಂಡ. "ಯಾರಿಗ್ಲಾ ಪಿಳ್ಳ ಬಡೀತಿರೋದು?"

"ನನ್ ಮಗನಿಗೆ ಬುದ್ದಿ."

"ಅವ್ನು ಸತ್ತು ನಾಕ್ ವರ್ಷ ಆಯ್ತಲ್ಲೋ?"

"ಊಂ ಬುದ್ದಿ. ನಿಮ್ಮೊಮ್ಮಗಳ ಮದ್ವೆ ಮುಗೀಲಿ ಅಂತ ಕಾದೆ."

ಮುದುಕ ಮುಖದ ಹೂರಣ ಒರೆಸಿಕೊಂಡ. ಅನಂತಪದ್ಮನಾಭ ಹತ್ತಿರ ಬಂದರು. "ಏನು, ಯಜಮಾನರು ಏನಂತಿದಾರೆ?"

"ಮೆರವಣಿಗೆ ಓಗಾಣ ಅಂತವ್ರೆ ಸ್ವಾಮಿ," ಅಂದ ಪಿಳ್ಳಪ್ಪ.

"ಮೆರವಣಿಗೇನೂ ಇದ್ಯಾ? ಪ್ರೋಗ್ರಾಂನಲ್ಲಿ ಹಾಕೇ ಇಲ್ವಲ್ರೀ ಚಿಕ್ಕಬೈರಪ್ಪ! ನಡೀರಿ, ನಡೀರಿ."

ಪಿಳ್ಳಪ್ಪ ನಡೆದ. ಊರ ನಡುಬೀದಿಯಲ್ಲಿ, ತಾನು ಯಾವತ್ತೂ ಅಂಚಿನಲ್ಲೇ ನಡೆದ ಬೀದಿಯಲ್ಲಿ, ನಟ್ಟನಡುವೆ ನಡೆದ. ಹಿಂದೆ ಮುನಿಶಾಮಿ, ಅವನ ಹಿಂದೆ ಹ್ಯಾಟು ಎದೆಗೊತ್ತಿಕೊಂಡ ಸಾಹೇಬರು, ಅವರ ಹಿಂದೆ ಬೇರೆ ದಾರಿಯಿಲ್ಲದ ಛೇರ್ಮನ್ನು. ಬೀಗ ಬಿದ್ದ ದೇವಸ್ಥಾನ ದಾಟಿದರು. ಕೇರಿ ಬಂತು. ಚಿಕ್ಕಬೈರಪ್ಪ ಹುಟ್ಟಿದ ಮೇಲೆ ಕೇರಿಯೊಳಗೆ ಕಾಲಿಟ್ಟವನಲ್ಲ. ಪಂಚೆ ಎತ್ತಿ ಹಿಡಿದು, ಹೊಳೆ ದಾಟುವವನ ಹಾಗೆ ದಾಟಿದ. ಗುಡಿಸಲ ಮುಂದೆ ಕೂತಿದ್ದ ಮಂಗಮ್ಮ ಎಂಬ ಮುದುಕಿ, "ಛೇರ್ಮನ್ರು! ಓಟು ಬಂತಾ?" ಅಂದಳು.

ಮುನಿವೆಂಕಟಮ್ಮನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಬಡಿತ ತಿರುಗಿದ್ದು ಅವಳಿಗೆ ಕೇಳಿಸಿತ್ತು. ಪಲ್ಟನ್ನಿನವರು ಕಳಿಸಿದ್ದ ತಗಡಿನ ಟ್ರಂಕಿನಿಂದ ಹಸಿರು ಅಂಗಿ ತೆಗೆದು, ಮಡಿಸಿ, ಮೊರದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಗಂಡನ ಮುಖ ನೋಡಿ, "ಕೈಲಿ ಆಗಕ್ಕಿಲ್ಲ ಅಂದ್ಯಲ್ಲ?" ಅಂದಳು. ಅವನು ಬಡಿಯುತ್ತಲೇ ಇದ್ದ. ಅವಳು ಮುಂದಾದಳು. ಕುಂಡದ ಸಂಗತಿಯನ್ನು ಮುನಿಶಾಮಿ ದಾರಿಯಲ್ಲೇ ಅಕ್ಕನ ಕಿವಿಗೆ ಹಾಕಿದ.

ಕೆರೆ ಕೋಡಿಯ ಆಚೆ ಕೇರಿಯ ಸುಡುಗಾಡು. ಹೆಂಗಸರು ಗುದ್ದಲಿ ತಂದು ಮೊಳದುದ್ದ ಗುಂಡಿ ತೋಡಿದರು. ಮುನಿವೆಂಕಟಮ್ಮ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿ, ಕಾಲರು ಸರಿಮಾಡಿ, ಮಲಗಿಸಿದಳು.

ಅನಂತಪದ್ಮನಾಭರ ತಾಳ ಯಾವಾಗ ನಿಂತಿತೋ. "ಇದು... ಇದು ಯಾರದಮ್ಮ?"

"ಆ ಹೂವಿನ್ ಕುಂಡದ ಹಿಂದೆ ಕುಂತವ್ನಲ್ಲ ಸ್ವಾಮಿ ನನ್ ಮಗ, ಅವುಂದು."

ಸಾಹೇಬರು ಚಿಕ್ಕಬೈರಪ್ಪನ ಕಡೆ ತಿರುಗಿದರು. ಚಿಕ್ಕಬೈರಪ್ಪ ಕೆರೆಯ ಕಡೆ ತಿರುಗಿದ. ಸಾಹೇಬರು ಹ್ಯಾಟನ್ನು ನೆಲಕ್ಕಿಟ್ಟು, ಎಷ್ಟು ಹಿಡಿ ಅಂತ ಅವಳನ್ನೇ ಕೇಳಿ, ಮೂರು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ಪಕ್ಕಕ್ಕೆ ನಿಂತರು.

ಆಮೇಲೆ ಎಲ್ಲರೂ ಛೇರ್ಮನ್ನನ್ನು ನೋಡಿದರು.

"ನಾನ್ಯಾಕೆ, ನೀವು ನೀವೇ..."

"ಹೆಣದ್ ಹಿಂದೆ ಬಂದೋರು ಮಣ್ಣಾಕ್ದೆ ಓಗಂಗಿಲ್ಲ ಬುದ್ದಿ," ಅಂದಳು ಮುನಿವೆಂಕಟಮ್ಮ. "ಬಗ್ಗಿ ತಕಳಿ. ನಿಂತ್ಕಂಡ್ ಆಕ್ಬಾರ್ದು."

ಫೋಟೋದವನು ಮೊಣಕಾಲೂರಿ ಕ್ಯಾಮರಾಕ್ಕೆ ಕಣ್ಣಿಟ್ಟ. "ಇನ್ನೊಂಚೂರು ಬಗ್ಗಿ ಸಾರ್. ಮುಖ ಬರ್ತಿಲ್ಲ."

ಚಿಕ್ಕಬೈರಪ್ಪ ಬಗ್ಗಿದ. ಒಂದು ಹಿಡಿ ಎತ್ತಿ ಗುಂಡಿಗೆ ಹಾಕಿ, ಕೈ ಝಾಡಿಸಿ, ಹೊರಡಲು ತಿರುಗಿದ.

"ಮೂರು ಬುದ್ದಿ," ಅಂದಳು ಮುನಿವೆಂಕಟಮ್ಮ.

ಪಿಳ್ಳಪ್ಪ ಬಡಿತವನ್ನು ಇನ್ನಷ್ಟು ನಿಧಾನಕ್ಕೆ ಇಳಿಸಿದ. ಅವನಿಗೆ ಯಾವ ಅವಸರವೂ ಇರಲಿಲ್ಲ. ಚಿಕ್ಕಬೈರಪ್ಪ ಮತ್ತೆ ಬಗ್ಗಿದ.